ಸಾಸಿವೆಯ ಕಂಪ್ಲೀಷನ್ ಸರ್ಟಿಫಿಕೇಟ್

ನಮ್ಮ ಮನೆ ಮಾಲೀಕರು ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅವರ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಇರಬಹುದು, ಮೂರು ಮೀಟರಿನ ಸ್ಟೀಲ್ ಟೇಪು ಮಾತ್ರ ಇದ್ದೇ ಇರುತ್ತದೆ. ಮೈಸೂರಿನ ಕುವೆಂಪುನಗರದಲ್ಲಿ ಮೇಲೆ ಅವರು, ಕೆಳಗೆ ನಾವು. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟು ಹೊಸದು ಮಾಡುವ ದಿನ ಅವರು ಕೆಳಗಿಳಿದು ಬಂದು ಕಿಟಕಿ, ಬಾಗಿಲು, ನಲ್ಲಿ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಿ, ನಾವು ಮನೆಯನ್ನು ಒಂದಂಗುಲವೂ ಕುಗ್ಗಿಸಿಲ್ಲ ಎಂದು ಖಾತ್ರಿ ಮಾಡಿಕೊಂಡು ರುಜು ಹಾಕುತ್ತಾರೆ.

ಎಂಟನೇ ಕ್ಲಾಸಿನ ನನ್ನ ಮಗಳು ನಾಯಿ ಬೇಕೆಂದು ಹಟ ಹಿಡಿದದ್ದು ಇಂಥದೇ ಒಂದು ರುಜುವಿನ ಹಿಂದಿನ ವಾರ. ನಾನು ಮೆಟ್ಟಿಲು ಹತ್ತಿ ಅನುಮತಿ ಕೇಳಿದೆ. ಮಾಲೀಕರ ಮುಖ ಸಣ್ಣಗಾಯಿತು. ನಮಗಿಂತ ಮುಂಚೆ ಇದ್ದವರು ಹೀಗೆಯೇ ‘ಪುಟ್ಟ ಮರಿ ಸಾರ್’ ಎಂದು ತಂದದ್ದು ಲ್ಯಾಬ್ರಡಾರ್ ಆಗಿ, ತೇಗದ ಬಾಗಿಲಿನ ಚೌಕಟ್ಟನ್ನು ಮೊಣಕಾಲಿನ ಎತ್ತರದವರೆಗೆ ತಿಂದುಹಾಕಿತ್ತಂತೆ.

“ಚಿಕ್ಕ ನಾಯಿ ಆದ್ರೆ ನನ್ನ ಅಭ್ಯಂತರ ಇಲ್ಲ ಮೇಷ್ಟ್ರೇ. ಆದ್ರೆ ಚಿಕ್ಕದು ಅಂದ್ರೆ ಎಷ್ಟು?”

“ಇಷ್ಟು ಸಾರ್” ಎಂದು ಎರಡೂ ಕೈ ಎದುರುಬದುರು ಹಿಡಿದು ತೋರಿಸಿದೆ. ಮಾತಿಗೆ ಹಾಗೆ ತೋರಿಸುತ್ತೇವಲ್ಲ, ಹಾಗೆ. ಅವರು ಸರಕ್ಕನೆ ಟೇಪು ಎಳೆದು ನನ್ನ ಎರಡು ಅಂಗೈಗಳ ನಡುವೆ ಇಟ್ಟೇಬಿಟ್ಟರು. “ಹದಿನೆಂಟು ಇಂಚು. ಅಲ್ಲಾಡಬೇಡಿ… ಹಾಂ, ಹದಿನೆಂಟು.”

ಮರುದಿನ ಛಾಪಾ ಕಾಗದದಲ್ಲಿ ಸುಣ್ಣಬಣ್ಣದ ಷರತ್ತಿನ ಕೆಳಗೆ ಹೊಸದೊಂದು ಸಾಲು ಬಂದು ಕೂತಿತ್ತು: ‘ಬಾಡಿಗೆದಾರರು ಸಾಕತಕ್ಕ ನಾಯಿಯು ಒಂದೂವರೆ ಅಡಿಯನ್ನು ಮೀರತಕ್ಕದ್ದಲ್ಲ.’

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ‘ಉದ್ದವೋ ಎತ್ತರವೋ ಸುತ್ತಳತೆಯೋ ಬರೀರೋ, ಬರೀ ಸಂಖ್ಯೆ ಬರೆದ್ರೆ ಅರ್ಧ ಮಾರ್ಕು ಕಟ್’ ಎಂದು ಬೈದುಕೊಂಡು ಬಂದವನು. ಆ ಸಾಲಿನಲ್ಲಿ ಉದ್ದವೂ ಇರಲಿಲ್ಲ, ಎತ್ತರವೂ ಇರಲಿಲ್ಲ. ಬಾಲ ಸೇರಿಯೋ ಬಿಟ್ಟೋ ಎಂಬುದಂತೂ ಇರಲೇ ಇಲ್ಲ. ಕಣ್ಣು ಮುಚ್ಚಿ ರುಜು ಹಾಕಿದೆ.

ಮರಿ ಮಾರುವವನು ಸಿಕ್ಕಿದ್ದು ಊರಾಚೆ. ರಟ್ಟಿನ ಪೆಟ್ಟಿಗೆಯೊಂದರಲ್ಲಿ ನಾಲ್ಕು ಬಿಳಿ ಉಂಡೆಗಳು ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತಿದ್ದವು. “ಪ್ಯೂರ್ ಪಾಮ್ ಸಾರ್. ಟೀಕಪ್ ಸೈಜು. ನಲವತ್ತೈದು ದಿನದ್ದು. ಇನ್ನೆಷ್ಟು ಬೆಳೆದಾತು? ಒಂದು ಗೇಣು.” ಯಾರ ಗೇಣು ಎಂದು ನಾನು ಕೇಳಲಿಲ್ಲ. ಎಂಟು ಸಾವಿರ ಎಣಿಸಿ ಕೊಟ್ಟು, ಮಗಳ ದುಪಟ್ಟಾದಲ್ಲಿ ಸುತ್ತಿಕೊಂಡು ಬಸ್ ಹತ್ತಿದೆವು. ದಾರಿಯಲ್ಲೇ ನಾಮಕರಣವೂ ಆಯಿತು. ಮಾಲೀಕರಿಗೆ ದಿನಾ ಕಿವಿಗೆ ಬೀಳುವ ಭರವಸೆಯಂತೆ ಇರಲಿ ಎಂದು ನಾನೇ ಸೂಚಿಸಿದ ಹೆಸರು: ಸಾಸಿವೆ.

“ಸಾಸಿವೆ ಅಂತ ಹೆಸರಿಟ್ರೆ ಕುಂಬಳಕಾಯಿ ಆಗೋದು ನಿಲ್ಲುತ್ತೇನೋ?” ಎಂದರು ನನ್ನ ತಾಯಿ. ಎಂಬತ್ತು ದಾಟಿದ ಹೆಂಗಸು. ಯಾವ ಜೀವ ಎದುರಿಗೆ ಬಂದರೂ ಅದು ಹಸಿದಿದೆ ಎಂದೇ ಅವರ ತೀರ್ಮಾನ.

ಮೊದಲ ಲಸಿಕೆಗೆ ಕರೆದುಕೊಂಡು ಹೋದಾಗ ಪಶುವೈದ್ಯೆ ಮೇಡಂ ಮರಿಯನ್ನು ಅಂಗಾತ ಮಲಗಿಸಿ, ತುಟಿ ಎತ್ತಿ ಹಲ್ಲು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಪಾಮ್ ಅಂತ ಕೊಟ್ರಾ ಸರ್? ಇದು ಇಂಡಿಯನ್ ಸ್ಪಿಟ್ಜ್. ನಮ್ಮಲ್ಲಿ ಜನ ಪಾಮ್ ಅಂತ ಕರೆಯೋದರಲ್ಲಿ ಮುಕ್ಕಾಲುಪಾಲು ಇದೇ. ‘ಹಮ್ ಆಪ್ಕೆ ಹೈ ಕೌನ್’ನಲ್ಲಿ ಟಫಿ ಅಂತ ಇತ್ತಲ್ಲ, ಅದೇ ಜಾತಿ.”

1994ರಲ್ಲಿ ಆ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೆ. ಎರಡೂ ಸಲ ಮಾಧುರಿ ದೀಕ್ಷಿತರನ್ನು ನೋಡಿದೆನೇ ಹೊರತು ನಾಯಿಯ ಸೈಜು ಗಮನಿಸಿರಲಿಲ್ಲ.

“ಎಷ್ಟು ದೊಡ್ಡದಾಗುತ್ತೆ ಮೇಡಂ?”

“ಇದರಲ್ಲಿ ಎರಡು ಬಗೆ ಇದೆ. ಚಿಕ್ಕದು ಐದರಿಂದ ಏಳು ಕಿಲೋ. ದೊಡ್ಡದಾದ್ರೆ ಹನ್ನೆರಡರಿಂದ ಇಪ್ಪತ್ತು.”

“ಇದು ಯಾವುದು?”

“ಬೆಳೆದ ಮೇಲೆ ಗೊತ್ತಾಗುತ್ತೆ” ಎಂದು ಅವರು ನಗುತ್ತಾ ಸೂಜಿ ಚುಚ್ಚಿದರು. ಮರಿ ಕುಂಯ್ ಎಂದಿತು. ನನಗೂ ಹಾಗೇ ಅನ್ನಿಸಿತು. ಐದರಿಂದ ಇಪ್ಪತ್ತು! ಮಳೆ ಬರುತ್ತೆ ಅಥವಾ ಬರದೇ ಇರಬಹುದು ಎನ್ನುವ ಹವಾಮಾನ ವರದಿ ಕೂಡ ಇದಕ್ಕಿಂತ ಖಚಿತ.

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ರಾತ್ರಿ ಹನ್ನೊಂದಾದರೂ ಮೊಬೈಲು ಹಿಡಿದು ನಾಯಿಗಳ ಗಾತ್ರದ ಬಗ್ಗೆ ಓದುವ ಚಟ ಹತ್ತಿತು. ನಿಜವಾದ ಪಾಮರೇನಿಯನ್ ತೂಗುವುದು ಒಂದೂವರೆಯಿಂದ ಮೂರು ಕಿಲೋ ಚಿಲ್ಲರೆ. ಅದರ ಪೂರ್ವಜರು ಮಾತ್ರ ಯುರೋಪಿನ ಬಾಲ್ಟಿಕ್ ತೀರದ ಕಡೆಯ ದೊಡ್ಡ ದುಡಿಯುವ ನಾಯಿಗಳು. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಹೋದಾಗ ಮಾರ್ಕೋ ಎಂಬ ಸಣ್ಣ ಗಾತ್ರದ ಪಾಮನ್ನು ತಂದಳು. ರಾಣಿಯ ಮನೆಯಲ್ಲಿ ಇದ್ದದ್ದೇ ಫ್ಯಾಷನ್ ತಾನೇ? ಎಲ್ಲರಿಗೂ ಸಣ್ಣದೇ ಬೇಕಾಯಿತು, ಸಾಕುವವರು ತಲೆಮಾರಿನಿಂದ ತಲೆಮಾರಿಗೆ ಸಣ್ಣದನ್ನೇ ಆರಿಸುತ್ತಾ ಬಂದರು, ನಾಯಿ ಕುಗ್ಗಿತು. ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಜಾಗಕ್ಕೆ ಏನು ಕೊರತೆ ಇತ್ತೋ! ಒಂದೂವರೆ ಅಡಿಯ ಷರತ್ತು ಇದ್ದದ್ದು ನನಗೆ.

ಇನ್ನೊಂದು ರಾತ್ರಿ ಇನ್ನೂ ಆಳಕ್ಕೆ ಇಳಿದೆ. ನಾಯಿಗಳ ಗಾತ್ರವನ್ನು ತೀರ್ಮಾನಿಸುವುದರಲ್ಲಿ ದೊಡ್ಡ ಪಾತ್ರವಿರುವ ಒಂದು ಜೀನನ್ನು ವಿಜ್ಞಾನಿಗಳು 2007ರಲ್ಲಿ ಗುರುತಿಸಿದರಂತೆ. 2022ರಲ್ಲಿ ನೋಡಿದರೆ, ಸಣ್ಣ ಗಾತ್ರಕ್ಕೆ ಕಾರಣವಾದ ಆ ರೂಪ 54,000 ವರ್ಷ ಹಳೆಯ ತೋಳವೊಂದರಲ್ಲೇ ಇತ್ತಂತೆ. ಅಂದರೆ ಸಣ್ಣ ನಾಯಿ ಆಗುವ ಗುಣ ಮನುಷ್ಯ ನಾಯಿ ಸಾಕುವ ಮೊದಲೇ ತೋಳದೊಳಗೆ ಕಾದು ಕೂತಿತ್ತು. ಸಂತೋಷಕ್ಕೆ ಹೆಂಡತಿಯನ್ನು ಎಬ್ಬಿಸಿ ಹೇಳಿದೆ.

“ತೋಳದೊಳಗೆ ಸಣ್ಣ ನಾಯಿ ಇತ್ತು ಅಂದ್ಮೇಲೆ, ನಮ್ಮ ಸಣ್ಣ ನಾಯಿಯೊಳಗೆ ತೋಳ ಇರಲ್ವೇನ್ರೀ?” ಎಂದು ಅವಳು ಮಗ್ಗುಲು ಬದಲಿಸಿದಳು.

ನನಗೆ ಲೆಕ್ಕ ಬೇಕಿತ್ತು. ಲೆಕ್ಕ ಸಿಕ್ಕಿತು. ಮರಿಯ ತೂಕವನ್ನು ಅದರ ವಯಸ್ಸಿನ ವಾರಗಳಿಂದ ಭಾಗಿಸಿ 52ರಿಂದ ಗುಣಿಸಿದರೆ ದೊಡ್ಡದಾದಾಗಿನ ತೂಕ ಬರುತ್ತದೆ ಎಂದು ನಾಯಿ ಸಾಕುವವರ ಬಾಯಿಲೆಕ್ಕವೊಂದಿದೆ. ಸಾಸಿವೆ ಆಗ 1.2 ಕಿಲೋ. ಮಾರಿದವನ ಮಾತಿನ ಪ್ರಕಾರ ಏಳು ವಾರ. ಹಾಕಿ ನೋಡಿದರೆ 8.9! ಎದೆ ಧಸಕ್ಕೆಂದಿತು. ಮರುದಿನವೇ ಮೇಡಂಗೆ ಫೋನು ಮಾಡಿದೆ.

“ಏಳು ವಾರ ಅಂತ ಯಾರು ಹೇಳಿದ್ದು? ಹಾಲುಹಲ್ಲು ನೋಡಿದ್ರೆ ಎರಡು ತಿಂಗಳು ದಾಟಿದೆ. ಒಂಬತ್ತು ವಾರ ಅಂತ ಇಟ್ಕೊಳ್ಳಿ. ಅಷ್ಟಕ್ಕೂ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರೋ ಹಾಗೇ ಇಲ್ಲ.”

ಮರಿ ಇಷ್ಟೇ ಇಷ್ಟಿದೆ ಎಂದು ತೋರಿಸುವ ಉತ್ಸಾಹದಲ್ಲಿ ಆ ಪುಣ್ಯಾತ್ಮ ತಾನು ಮಾಡದ ಅಪರಾಧವನ್ನು ತಾನೇ ಒಪ್ಪಿಕೊಂಡಿದ್ದ. ಒಂಬತ್ತು ವಾರ ಹಾಕಿದರೆ 6.9. ಎರಡು ವಾರದ ಸುಳ್ಳು ಹೋದದ್ದೇ ತಡ, ಎರಡು ಕಿಲೋ ಇಳಿಯಿತು. ಮೋಸ ಹೋಗಿ ಇಷ್ಟು ಸಂತೋಷಪಟ್ಟ ಗಿರಾಕಿ ಅವನಿಗೆ ಇನ್ನೊಬ್ಬ ಸಿಕ್ಕಿರಲಾರ.

ಆಮೇಲೆ ಶುರುವಾದದ್ದು ಭಾನುವಾರದ ಅಳತೆ. ಅಡುಗೆಮನೆಯಲ್ಲಿ ಐದು ಕಿಲೋವರೆಗೆ ತೂಗುವ ಸಣ್ಣ ಯಂತ್ರವಿದೆ. ಅದರ ಮೇಲೆ ಇಡ್ಲಿ ಹಿಟ್ಟಿನ ಸ್ಟೀಲ್ ಡಬರಿ ಇಟ್ಟು, ಸೊನ್ನೆಗೆ ತಂದು, ಸಾಸಿವೆಯನ್ನು ಅದರೊಳಗೆ ಕೂರಿಸುವುದು. ಅವಳು ಡಬರಿಯ ಅಂಚಿಗೆ ಎರಡು ಮುಂಗಾಲು ಇಟ್ಟು, ಗದ್ದ ಊರಿ, ಬೋಟಿನಲ್ಲಿ ಕೂತ ಪ್ರವಾಸಿಯ ಹಾಗೆ ಅತ್ತಿತ್ತ ನೋಡುತ್ತಿದ್ದಳು. ಅಂಕಿ ನಿಲ್ಲುವವರೆಗೆ ಯಾರೂ ಉಸಿರಾಡಬಾರದು. “ಆ ಡಬರೀಲಿ ಇನ್ನು ನಾನು ಹಿಟ್ಟು ಕಲಸಲ್ಲ” ಎಂದಳು ಹೆಂಡತಿ. ಸರಿ, ಡಬರಿ ನಾಯಿಯದಾಯಿತು. ಅದರ ಬೆಲೆಯನ್ನೂ ಎಂಟು ಸಾವಿರಕ್ಕೆ ಸೇರಿಸಿಕೊಳ್ಳಬೇಕು.

ಎತ್ತರಕ್ಕೆ ಗೋಡೆ. ಮಗಳು ಚಿಕ್ಕವಳಿದ್ದಾಗ ಬಾಗಿಲ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆ. ಅದೇ ಗೆರೆಗಳ ಬುಡದಲ್ಲಿ ಸಾಸಿವೆಯದೂ ಶುರುವಾಯಿತು. ವಾರಕ್ಕೆ ಅರ್ಧ ಅಂಗುಲ, ಕಾಲು ಅಂಗುಲ, ಹೀಗೆ ಶಿಸ್ತಾಗಿ ಹೋಗುತ್ತಿತ್ತು. ಮೂರೂವರೆ ತಿಂಗಳಿಗೆ ಬಂದಾಗ ಒಂದು ಭಾನುವಾರ ನೋಡುತ್ತೇನೆ, ಒಂದೇ ವಾರದಲ್ಲಿ ಎರಡೂವರೆ ಅಂಗುಲ! ಮತ್ತೆ ಅಳೆದೆ. ಎರಡೂವರೆಯೇ. ಈ ದರದಲ್ಲಿ ದೀಪಾವಳಿ ಹೊತ್ತಿಗೆ ಅಗ್ರಿಮೆಂಟು ಮೀರಿ, ಸಂಕ್ರಾಂತಿ ಹೊತ್ತಿಗೆ ಕರುವಿನಷ್ಟಾಗುತ್ತಾಳೆ. ಅವಳನ್ನು ಕಂಕುಳಲ್ಲಿ ಇರುಕಿಕೊಂಡು ಆಟೋದಲ್ಲಿ ಮೇಡಂ ಹತ್ತಿರ ಓಡಿದೆ.

“ಎಲ್ಲಿಂದ ಎಲ್ಲಿಗೆ ಅಳೆದ್ರಿ ಸರ್?”

“ನೆಲದಿಂದ… ತಲೆ ಮೇಲಕ್ಕೆ.”

ಮೇಡಂ ಏನೂ ಹೇಳದೆ ಸಾಸಿವೆಯ ಕಿವಿ ಎರಡನ್ನೂ ಬೆರಳಿನಿಂದ ಕೆಳಕ್ಕೆ ಮಡಚಿದರು. ಬಿಟ್ಟರು. ಕಿವಿಗಳು ಟಣ್ ಎಂದು ಎದ್ದು ನಿಂತವು. ಹಿಂದಿನ ವಾರದವರೆಗೆ ಅವು ಬಾಡಿದ ವೀಳ್ಯದೆಲೆಯಂತೆ ಜೋತುಬಿದ್ದಿದ್ದವು. ಈ ಜಾತಿಯ ಮರಿಗಳಿಗೆ ಕಿವಿ ನಿಲ್ಲುವ ವಯಸ್ಸು ಅದೇ. “ನಾಯಿ ಎತ್ತರ ಅಂದ್ರೆ ಹೆಗಲವರೆಗೆ ಸರ್. ತಲೆ ಲೆಕ್ಕಕ್ಕಿಲ್ಲ.” ಕೊನೆಯ ವಾಕ್ಯ ಅವರು ನಾಯಿಯ ಬಗ್ಗೆಯೇ ಹೇಳಿದರೆಂದು ನಂಬಿದ್ದೇನೆ.

ಅಂದಿನಿಂದ ಗೋಡೆಯ ಅಳತೆ ನಿಂತಿತು, ತೂಕ ಒಂದೇ ಉಳಿಯಿತು. ಗೋಡೆಗೆ ಗೆರೆ ಎಳೆದದ್ದಕ್ಕೆ ಮಾಲೀಕರು ಅಡ್ವಾನ್ಸಿನಲ್ಲಿ ಬಣ್ಣದ ಖರ್ಚು ಮುರಿದುಕೊಳ್ಳುತ್ತಾರೆಂಬ ಹೆಂಡತಿಯ ಎಚ್ಚರಿಕೆಯೂ ಜೊತೆಗಿತ್ತು.

ಇಷ್ಟರಲ್ಲಿ ಊರಿಗೆಲ್ಲ ನನ್ನ ಚಿಂತೆ ಗೊತ್ತಾಗಿ, ಕಂಡಕಂಡವರೆಲ್ಲ ನಾಯಿಶಾಸ್ತ್ರ ಹೇಳತೊಡಗಿದರು. ಪಕ್ಕದ ಮನೆಯವರು ಪಾದ ಹಿಸುಕಿ ನೋಡಿ “ಪಾದ ದಪ್ಪ ಇದೆ, ಎಮ್ಮೆ ಆಗುತ್ತೆ” ಎಂದರು. ಹಾಲಿನ ಬೂತಿನವನು ಬಾಲ ಎಳೆದು ನೋಡಿ “ಏನೂ ಆಗಲ್ಲ” ಎಂದ. ಕರೆಯುವುದೇ ಕಷ್ಟವಾಗಿತ್ತು ಬಿಡಿ. ಸಂಜೆ ರಸ್ತೆಯಲ್ಲಿ ನಿಂತು “ಸಾಸಿವೇ… ಸಾಸಿವೇ…” ಎಂದು ಕೂಗಿದರೆ ಎದುರು ಮನೆಯ ಅಜ್ಜಿ ಕಿಟಕಿಯಿಂದ “ಕಾಲು ಕೇಜಿ ಎಷ್ಟಪ್ಪಾ?” ಎನ್ನುತ್ತಿದ್ದರು. ನಮ್ಮ ಸ್ಕೂಲಿನ ಪಿ.ಟಿ. ಮೇಷ್ಟ್ರು ಮುಧೋಳದ ಕಡೆಯವರು. ಅವರೊಂದು ದಿನ ಮನೆಗೆ ಬಂದು, ಸಾಸಿವೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇದಕ್ಕ ನಾಯಿ ಅಂತೀರೇನ್ರಿ ಸರ? ಇಲಿ ಐತಿ ಇದು. ನಮ್ಮೂರ ನಾಯಿ 2005ರಾಗ ಪೋಸ್ಟಿನ ಸ್ಟಾಂಪಿನ ಮ್ಯಾಲ ಬಂದೈತಿ, ಮಿಲಿಟರಿಗೂ ಹೋಗೈತಿ. ಇದನ್ನ ಸ್ಟಾಂಪಿಗೆ ಅಂಟಿಸಿದ್ರ ಸ್ಟಾಂಪ್ ಉಳೀತದ” ಎಂದು ಟೀ ಕುಡಿದು ಹೋದರು. ಅವಮಾನವಾಗಬೇಕಿತ್ತು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಆ ಮಾತನ್ನು ಮೇಲಿನ ಮನೆಗೆ ಕೇಳಿಸುವ ಹಾಗೆ ಇನ್ನೊಮ್ಮೆ ಹೇಳಿಸಿದೆ.

ಒಳಗಿನ ಶತ್ರು ಮಾತ್ರ ಬೇರೆ. ನನ್ನ ತಾಯಿ. ನಾನು ಮೇಡಂ ಹೇಳಿದಷ್ಟೇ ಗ್ರಾಂ ಅಳೆದು ಬಟ್ಟಲಿಗೆ ಹಾಕಿ ಸ್ಕೂಲಿಗೆ ಹೋದರೆ, ಹಿಂದೆಯೇ ಅವರು ಸೆರಗಿನ ಮರೆಯಲ್ಲಿ ರಾಗಿ ಅಂಬಲಿ ತರುತ್ತಿದ್ದರು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ ಎಂಬುದು ನನ್ನ ಮಧ್ಯರಾತ್ರಿಯ ಓದಿನಲ್ಲಿ ಬಂದಿತ್ತು. ಕ್ಯಾಲ್ಸಿಯಂ ಎಂದರೆ ಮೂಳೆ, ಮೂಳೆ ಎಂದರೆ ಎತ್ತರ, ಎತ್ತರ ಎಂದರೆ ಅಗ್ರಿಮೆಂಟು. “ಅಮ್ಮಾ, ರಾಗಿ ಹಾಕ್ಬೇಡ, ಬೆಳೆದುಬಿಡುತ್ತೆ!” ಎಂದು ಕೈಮುಗಿದೆ.

“ಥೂ, ನಿನ್ನ ಬಾಯಿಗಿಷ್ಟು! ಬೆಳೆಯೋ ಮಗೂಗೆ ಬೆಳೀಬೇಡ ಅನ್ನೋ ಪಾಪಿ ನೀನೊಬ್ಬನೇ ಕಣೋ.”

ಆ ತಿಂಗಳು ನಾನು ಸಾಸಿವೆಯ ಊಟದಲ್ಲಿ ಒಂದು ಚಮಚ ಕಡಿಮೆ ಮಾಡಿ ನೋಡಿದ್ದು ನಿಜ. ಮೇಡಂಗೆ ಅದು ಹೇಗೋ ಗೊತ್ತಾಯಿತು. ಹೇಗೋ ಏನು, ಅಮ್ಮನೇ ಫೋನು ಮಾಡಿದ್ದರು. ಅವತ್ತು ತಿಂದ ಬೈಗುಳ ನನಗೆ ಬಿ.ಎಡ್. ಓದುವಾಗಲೂ ಬಿದ್ದಿರಲಿಲ್ಲ. “ಊಟ ಕಡಿಮೆ ಮಾಡಿದ್ರೆ ನಾಯಿ ಗಿಡ್ಡ ಆಗಲ್ಲ ಸರ್, ರೋಗಿಷ್ಟ ಆಗುತ್ತೆ. ಎಷ್ಟು ಬೆಳೀಬೇಕು ಅನ್ನೋದು ಅದರ ಅಪ್ಪ ಅಮ್ಮನಿಂದ ಬಂದಿರುತ್ತೆ. ಕ್ಯಾಲ್ಸಿಯಂ ಸಿರಪ್ಪು ಹುಯ್ಯೋರೂ ತಪ್ಪೇ, ನೀವೂ ತಪ್ಪೇ.” ನಾನು ತಲೆ ತಗ್ಗಿಸಿ ನಿಂತಿದ್ದೆ. ಸಾಸಿವೆ ಮೇಡಂ ಕೈ ನೆಕ್ಕುತ್ತಾ ಅವರ ಪಕ್ಷ ಸೇರಿದ್ದಳು.

ಆರನೇ ತಿಂಗಳಿಗೆ ದೇವರು ನನ್ನ ಕಡೆ ನೋಡಿದ. ಸಾಸಿವೆಯ ಕೂದಲು ಉದುರತೊಡಗಿತು. ಮರಿಯ ಮೃದು ತುಪ್ಪಳ ಹೋಗಿ ದೊಡ್ಡವರ ಕೂದಲು ಬರುವ ಸಂಧಿಕಾಲ ಅದು. ಹಾಲುಹಲ್ಲು 28 ಬಿದ್ದು ಗಟ್ಟಿ ಹಲ್ಲು 42 ಬರುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಸೋಫಾ, ಪಂಚೆ, ಸಾರು ಎಲ್ಲೆಲ್ಲೂ ಬಿಳಿ ಕೂದಲು. ಮುಖ ಉದ್ದವಾಯಿತು, ಕಾಲು ಕಡ್ಡಿಯಾಯಿತು, ಬೆಣ್ಣೆಯ ಮುದ್ದೆಯಂತಿದ್ದವಳು ಮಳೆಯಲ್ಲಿ ನೆನೆದ ಮೇಕೆಮರಿಯಂತಾದಳು. ನೋಡಲು ಅರ್ಧಕ್ಕರ್ಧ ಸಣ್ಣ! ನನ್ನಷ್ಟು ಸುಖಿ ಯಾರೂ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಮಾಲೀಕರ ಬಾಲ್ಕನಿಯ ಕೆಳಗೆ ಅವಳನ್ನು ಅಡ್ಡಾಡಿಸಿದೆ.

ಒಂದು ಬೆಳಿಗ್ಗೆ ಮಾಲೀಕರು ಮೇಲಿನಿಂದ ಬಗ್ಗಿ ಕೇಳಿದರು. “ಮೇಷ್ಟ್ರೇ, ಆ ಬಿಳಿ ನಾಯಿ ಎಲ್ಲಿ?”

“ಇದೇ ಸಾರ್.”

“ಅದಲ್ಲ, ಇದು. ಇದು ಯಾವಾಗ ತಂದ್ರಿ? ಅಗ್ರಿಮೆಂಟಲ್ಲಿ ‘ನಾಯಿ’ ಅಂತ ಏಕವಚನ ಇದೆ. ಎರಡನೇದಕ್ಕೆ ಅವಕಾಶ ಇಲ್ಲ.”

ಅದೇ ನಾಯಿ ಎಂದು ಸಾಬೀತು ಮಾಡುವುದು ಹೇಗೆ? ಹೆಸರು ಹಿಡಿದು ಕರೆದು ತೋರಿಸೋಣವೆಂದು “ಸಾಸಿವೇ!” ಎಂದೆ. ಅವಳು ಹೆಸರು ಹಿಡಿದು ಕರೆದರೆ ಅದುವರೆಗೆ ಒಂದು ದಿನವೂ ಬಂದವಳಲ್ಲ, ಅವತ್ತೂ ಬರಲಿಲ್ಲ. ಎದುರು ಕಿಟಕಿ ತೆರೆಯಿತು. “ಇವತ್ತು ಮೆಂತ್ಯ ಇದ್ಯೇನಪ್ಪಾ?”

ಎಂಟನೇ ತಿಂಗಳಿಗೆ ಅಡುಗೆಮನೆಯ ಯಂತ್ರದ ಕಾಲ ಮುಗಿಯಿತು. ಸಾಸಿವೆ ಐದು ಕಿಲೋ ಮುಟ್ಟಿದ್ದಳು, ಡಬರಿಯಲ್ಲಿ ಕೂತರೆ ಮೇಲೇಳಲು ಆಗುತ್ತಿರಲಿಲ್ಲ. ಇನ್ನು ಮನುಷ್ಯರು ನಿಂತು ನೋಡುವ ಯಂತ್ರವೇ ಗತಿ. ನಾಯಿ ಅದರ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ನಾನೊಬ್ಬನೇ ನಿಂತೆ: 71.4. ಆಮೇಲೆ ಅವಳನ್ನು ಎತ್ತಿಕೊಂಡು ನಿಂತೆ. ಕಳೆದೆ. ನಾಲ್ಕನೇ ಕ್ಲಾಸಿನ ಹುಡುಗ ಮಾಡುವ ಕಳೆಯುವ ಲೆಕ್ಕ. ನಾನು ಗ್ರಾಫ್ ಹಾಳೆಯಲ್ಲೇ ಹಾಕುತ್ತಿದ್ದೆ, ಚುಕ್ಕೆ ಇಟ್ಟು, ಕೆಂಪು ಪೆನ್ನಿನಲ್ಲಿ ಸೇರಿಸಿ.

ಸಂಜೆಯ ವಾಕಿಂಗ್ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು. ನಾಯಿ ಚಟುವಟಿಕೆಯಿಂದ ಇರಬೇಕೆಂದು ಮೇಡಂ ಹೇಳಿದ್ದರಿಂದ ದಿನವೂ ಪಾರ್ಕಿನ ಸುತ್ತ ಎರಡು ಸುತ್ತು ಹಾಕುತ್ತಿದ್ದೆವು. ಎರಡನೇ ಸುತ್ತು ಮುಗಿಯುವ ಮೂಲೆಯಲ್ಲಿ ಒಂದು ಬಜ್ಜಿ ಗಾಡಿ. ನಾಯಿಗೆ ಈರುಳ್ಳಿ ಆಗದು. ರಕ್ತದ ಕೆಂಪು ಕಣಗಳನ್ನೇ ಹಾಳುಮಾಡುತ್ತದೆ, ನಿಜವಾಗಿ ಅಪಾಯ. ಹಾಗಾಗಿ ಅವಳ ಪಾಲಿನ ಈರುಳ್ಳಿ ಬಜ್ಜಿಯನ್ನು ನಾನೇ ತಿನ್ನುತ್ತಿದ್ದೆ. ಮೆಣಸಿನಕಾಯಿಯದೂ ಅವಳಿಗೆ ಕೊಡುವಂತಿಲ್ಲ. ಅದನ್ನೂ ನಾನೇ.

ಗ್ರಾಫು ಏರತೊಡಗಿತು. ಒಂಬತ್ತನೇ ತಿಂಗಳು 5.6. ಹತ್ತಕ್ಕೆ 6.3. ಹನ್ನೊಂದಕ್ಕೆ 7.1. ಚಿಕ್ಕ ಜಾತಿಯ ನಾಯಿಗಳು ಹತ್ತು ಹನ್ನೆರಡು ತಿಂಗಳಿಗೆ ಬೆಳೆದು ಮುಗಿಸುತ್ತವೆ, ಗ್ರೇಟ್ ಡೇನ್‌ನಂಥ ದೈತ್ಯರಿಗೆ ಮಾತ್ರ ಒಂದೂವರೆ ಎರಡು ವರ್ಷ ಬೇಕು ಎಂದು ಓದಿದ್ದೆ. ಇದು ಮುಗಿಸುವ ಲಕ್ಷಣವೇ ಇಲ್ಲ. ಹನ್ನೆರಡಕ್ಕೆ 7.9. ಅಷ್ಟೊತ್ತಿಗೆ ಹೊಸ ಕೂದಲು ತುಂಬಿ ಬಂದು, ಕತ್ತಿನ ಸುತ್ತ ಸಿಂಹದ ಕೇಸರದಂತೆ ನಿಂತು, ಸಾಸಿವೆ ಬಾಗಿಲಲ್ಲಿ ಬಂದರೆ ಬಾಗಿಲು ತುಂಬಿದಂತೆ ಕಾಣುತ್ತಿತ್ತು. ಕಣ್ಣಿಗೂ ಲೆಕ್ಕಕ್ಕೂ ತಾಳೆಯಾಯಿತು. ಇದು ದೊಡ್ಡ ಬಗೆಯದೇ. ಇಪ್ಪತ್ತು ಕಿಲೋ ತನಕ ಹೋಗುತ್ತದೆ. ನಾನು ಸದ್ದಿಲ್ಲದೆ ಬೇರೆ ಬಾಡಿಗೆ ಮನೆ ಹುಡುಕತೊಡಗಿದೆ.

ಹದಿಮೂರನೇ ತಿಂಗಳು, 8.6. ಅದೇ ಭಾನುವಾರ ಅಗ್ರಿಮೆಂಟು ಹೊಸದು ಮಾಡಲು ಮಾಲೀಕರು ಇಳಿದು ಬಂದರು. ಬಿಳಿ ಪಂಚೆ, ಬಿಳಿ ಜುಬ್ಬ, ಕೈಯಲ್ಲಿ ಟೇಪು. ಸಾಸಿವೆಯನ್ನು ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. “ಮೇಷ್ಟ್ರೇ, ಇದು ಮೀರಿದೆ.”

“ಸಾರ್, ಅದು ಬರೀ ಕೂದಲು. ತೋರಿಸ್ತೀನಿ ಬನ್ನಿ.”

ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಅವಳನ್ನು ನಿಲ್ಲಿಸಿ, ಎರಡು ಚೆಂಬು ಬಿಸಿನೀರು ಹೊಯ್ದೆ. ನಾಯಿ ಮಾಯವಾಯಿತು. ಅಡಿಗಟ್ಟಲೆ ಇದ್ದ ಬಿಳಿ ಮೋಡ ಹೋಗಿ, ಕಲ್ಲಿನ ಮೇಲೆ ಎರಡು ಕಿವಿ, ಎರಡು ಕಣ್ಣು, ಒಂದು ಒದ್ದೆ ಹಗ್ಗ. ಹಗ್ಗ ಎಂದರೆ ಬಾಲ. ಮಾಲೀಕರ ಬಾಯಿ ತೆರೆದುಕೊಂಡಿತು. ಟೇಪು ಹಿಡಿದು ಬಗ್ಗಿದರು. ಹೆಗಲವರೆಗೆ ಹದಿಮೂರು ಇಂಚು ಎಂದು ಓದಿ ಇನ್ನೇನು ತಲೆಯಾಡಿಸಬೇಕು, ಅಷ್ಟರಲ್ಲಿ ಸಾಸಿವೆ ಮೂಗಿನಿಂದ ಶುರುಮಾಡಿ ಬಾಲದವರೆಗೆ ಒಂದು ಸಲ ಮೈ ಕೊಡವಿದಳು. ನಾಯಿಯ ಮೈಯಲ್ಲಿ ಅಷ್ಟು ನೀರು ಹಿಡಿಯುತ್ತದೆಂದು ನೀರಾವರಿ ಎಂಜಿನಿಯರಿಗೂ ಅಂದಾಜು ಸಿಗಲಾರದು.

ಕನ್ನಡಕ ಒರೆಸಿಕೊಳ್ಳುತ್ತಾ ಅವರು ಶಾಂತವಾಗಿ ಹೇಳಿದರು. “ಒಣಗಿದ ಮೇಲೆ ಮತ್ತೆ ದೊಡ್ಡದಾಗುತ್ತಲ್ಲ? ಗೋಡೆ ದಪ್ಪ ಅಳೆಯುವಾಗ ಪ್ಲಾಸ್ಟರ್ ಕೆರೆದು ಅಳೀತೀವಾ ಮೇಷ್ಟ್ರೇ?”

ನನ್ನ ಬಳಿ ಉತ್ತರವಿರಲಿಲ್ಲ. ಅವರೇ ದೊಡ್ಡ ಮನಸ್ಸು ಮಾಡಿದರು. “ಇರ್ಲಿ. ಇವತ್ತಿಗೆ ಸರಿ ಇದೆ ಅಂತ ಇಟ್ಕೊಳ್ಳೋಣ. ಇನ್ನೂ ಬೆಳೆಯುತ್ತೋ, ನಿಂತಿದೆಯೋ? ಡಾಕ್ಟರ ಹತ್ರ ಒಂದು ಕಂಪ್ಲೀಷನ್ ಸರ್ಟಿಫಿಕೇಟ್ ಬರೆಸ್ಕೊಂಡು ಬನ್ನಿ. ಬಂದ ಮೇಲೆ ರುಜು.”

ಮಾರನೆಯ ಸಂಜೆ ಗ್ರಾಫ್ ಹಾಳೆಗಳನ್ನು ಸುರುಳಿ ಸುತ್ತಿ ಬಗಲಿಗಿಟ್ಟುಕೊಂಡು ಕ್ಲಿನಿಕ್ಕಿಗೆ ಹೋದೆ. ಬೆಂಚಿನ ಮೇಲೆ ಐದಾರು ಜನ. ಮೂಲೆಯಲ್ಲಿ ಕಂಬಳಿ ಹೊದ್ದ ಗ್ರೇಟ್ ಡೇನ್ ಒಂದು ನಿಂತಿತ್ತು, ಕೂತ ಯಜಮಾನನಷ್ಟೇ ಎತ್ತರ. ಸಾಸಿವೆ ಅದರತ್ತ ಬೊಗಳಿದಳು. ಅದು ಯಜಮಾನನ ಹಿಂದೆ ಅಡಗಲು ನೋಡಿತು.

ಮೇಡಂ ಗ್ರಾಫನ್ನು ಉದ್ದಕ್ಕೂ ಬಿಡಿಸಿ ನೋಡಿದರು. ಹುಬ್ಬು ಗಂಟಿಕ್ಕಿತು. “ಎಂಟನೇ ತಿಂಗಳವರೆಗೆ ಚೆನ್ನಾಗಿ ಬಂದಿದೆ. ಆಮೇಲೆ ಇದೇನಿದು? ಈ ಜಾತಿಗೆ ಹೀಗೆ ಏರೋ ಹಾಗೇ ಇಲ್ಲ.” ಕೆಳಗೆ ನೆಲದ ಮಟ್ಟದಲ್ಲಿದ್ದ ದೊಡ್ಡ ತೂಕದ ಹಲಗೆಯ ಮೇಲೆ ಸಾಸಿವೆಯನ್ನು ನಿಲ್ಲಿಸಿ, ಮೂಗಿನ ಮುಂದೆ ಬಿಸ್ಕತ್ತು ಹಿಡಿದರು. 5.9.

“ನಿಮ್ಮ ಮಷಿನ್ ಸರಿ ಇದೆಯಾ ಮೇಡಂ?”

“ಬೆಳಿಗ್ಗೆ ತಾನೇ ಸರಿ ಮಾಡಿಸಿದ್ದು. ಅನುಮಾನ ಇದ್ರೆ ನೀವೇ ನಿಂತು ನೋಡಿ.”

ಚಪ್ಪಲಿ ಬಿಟ್ಟು ಹತ್ತಿದೆ. ಬೆಂಚಿನವರೆಲ್ಲ ಕತ್ತು ಚಾಚಿದರು. 74.1.

ಕ್ಲಿನಿಕ್ಕಿನಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಮೇಡಂ ಗ್ರಾಫಿನ ಅಂಚಿನಲ್ಲಿ ನಾನೇ ಬರೆದಿದ್ದ ‘71.4 ಕಳೆಯಬೇಕು’ ಎಂಬುದರ ಮೇಲೆ ಬೆರಳಿಟ್ಟರು. “ಇದು ಯಾವತ್ತಿನ ತೂಕ ಸರ್?”

“ಐದು ತಿಂಗಳ ಹಿಂದಿನದು.”

“ಪ್ರತೀ ವಾರ ನಿಮ್ಮ ತೂಕ ನೋಡ್ಕೊಳ್ಳಲಿಲ್ವಾ?”

ಚರಾಕ್ಷರ ಯಾವುದು, ಸ್ಥಿರಾಂಕ ಯಾವುದು ಎಂದು ವರ್ಷಕ್ಕೆ ನಾಲ್ಕು ಸೆಕ್ಷನ್ನಿಗೆ ಬೋಧಿಸುವವನು ನಾನು. ನನ್ನನ್ನೇ ಸ್ಥಿರಾಂಕ ಎಂದುಕೊಂಡಿದ್ದೆ. 74.1ರಲ್ಲಿ 71.4 ಕಳೆದರೆ 2.7. 8.6ರಲ್ಲಿ 2.7 ಕಳೆದರೆ 5.9. ತಾಳೆ ನೋಡುವ ಅಗತ್ಯವೇ ಇರಲಿಲ್ಲ, ಆದರೂ ಅಭ್ಯಾಸಬಲದಿಂದ ಬೆರಳು ಮಡಚಿ ನೋಡಿದೆ. ಗ್ರೇಟ್ ಡೇನಿನ ಯಜಮಾನ ಕೆಮ್ಮಿದ. ಕೆಮ್ಮು ಅಲ್ಲ ಅದು.

ಮೇಡಂ ದಯವಂತೆ, ಮಾತು ಬದಲಿಸಿದರು. ಉದ್ದ ಮೂಳೆಗಳ ತುದಿಯಲ್ಲಿ ಬೆಳೆಯುವ ಮೃದ್ವಸ್ಥಿ ಇರುತ್ತದಂತೆ. ಚಿಕ್ಕ ನಾಯಿಗಳಲ್ಲಿ ವರ್ಷ ತುಂಬುವುದರೊಳಗೆ ಅದು ಗಟ್ಟಿ ಮೂಳೆಯಾಗಿಬಿಡುತ್ತದೆ, ಆಮೇಲೆ ಎಷ್ಟು ಅಂಬಲಿ ಹಾಕಿದರೂ ಎತ್ತರ ಹೆಚ್ಚುವುದಿಲ್ಲ. “ಇವಳದು ಮುಗಿದು ಮೂರು ತಿಂಗಳಾದ್ರೂ ಆಗಿದೆ” ಎನ್ನುತ್ತಾ, ಸಾಸಿವೆಯ ಪಕ್ಕೆಲುಬಿನ ಮೇಲೆ ಕೈಯಾಡಿಸಿ, “ಮೈಕಟ್ಟು ಎಷ್ಟು ಹದವಾಗಿದೆ ನೋಡಿ” ಎಂದರು. ನನ್ನ ಕಡೆ ನೋಡಲಿಲ್ಲ.

ಸರ್ಟಿಫಿಕೇಟಿನ ವಿಷಯ ಹೇಳಿದಾಗ ಅವರು ಒಂದು ನಿಮಿಷ ನಕ್ಕು, ಲೆಟರ್‌ಹೆಡ್ ಎಳೆದುಕೊಂಡು, ಸರ್ಕಾರಿ ಭಾಷೆಯಲ್ಲೇ ಬರೆದು, ಮೊಹರು ಒತ್ತಿ ಕೊಟ್ಟರು. ಓದಿಕೊಂಡದ್ದು ಹೊರಗೆ ಬಂದ ಮೇಲೆ, ಬೀದಿದೀಪದ ಕೆಳಗೆ:

‘ಸಾಸಿವೆ ಎಂಬ ಈ ನಾಯಿಯ ಬೆಳವಣಿಗೆಯು ಪೂರ್ಣಗೊಂಡಿರುತ್ತದೆ. ಮಾಲೀಕರದು ಪ್ರಗತಿಯಲ್ಲಿರುತ್ತದೆ.’

ಎರಡನೇ ಸಾಲು ಕಾಣದ ಹಾಗೆ ಮಡಚಬಹುದೇ ಎಂದು ನಾಲ್ಕಾರು ರೀತಿ ಮಡಚಿ ನೋಡುತ್ತಾ ನಡೆದೆ. ಪಾರ್ಕಿನ ಮೂಲೆ ಬಂತು. ಸಾಸಿವೆ ಹೇಳಿಸಿಕೊಳ್ಳದೆಯೇ ಗಾಡಿಯ ಪಕ್ಕ ತನ್ನ ಮಾಮೂಲು ಜಾಗದಲ್ಲಿ ಕೂತುಬಿಟ್ಟಳು. ಹಗ್ಗ ಎಳೆದೆ. ಏಳಲಿಲ್ಲ. ಇನ್ನೊಮ್ಮೆ ಎಳೆದೆ. 5.9 ಕಿಲೋ ನೋಡಿ, ಮನಸ್ಸು ಮಾಡಿದರೆ ಬಂಡೆಯಂತೆ ಕೂರುತ್ತದೆ.

“ಎಂದಿನ ಹಾಗೆ ಎರಡು ಪ್ಲೇಟಾ ಸಾರ್?” ಗಾಡಿಯವನು ಜಾಲರಿ ಸೌಟು ಎತ್ತಿದ. ಎಣ್ಣೆ ಚಟಪಟ ಎನ್ನುತ್ತಿತ್ತು.

“ಒಂದೇ ಸಾಕು.”

ಅವನು ನನ್ನನ್ನೂ ನಾಯಿಯನ್ನೂ ನೋಡಿ, “ಹುಷಾರಿಲ್ವಾ ಸಾರ್, ಇದಕ್ಕೆ?” ಎಂದ. ಪ್ಲೇಟು ಹಿಡಿಯುವಾಗ ಕೈಯಲ್ಲಿದ್ದ ಕಾಗದದ ಮೇಲೆ ಎಣ್ಣೆ ಇಳಿಯಿತು. ಗಾಬರಿಯಿಂದ ಬಿಡಿಸಿ ಬೆಳಕಿಗೆ ಹಿಡಿದೆ. ಮೊದಲನೇ ಸಾಲು ಹಾಗೇ ಇತ್ತು. ಎರಡನೇ ಸಾಲಿನ ಜಾಗ ಎಣ್ಣೆ ಹೀರಿ ಗಾಜಿನಂತಾಗಿ, ಈಗ ಹಿಂದುಗಡೆಯಿಂದಲೂ ಸ್ಪಷ್ಟವಾಗಿ ಕಾಣುತ್ತಿತ್ತು.